ಮಲೆನಾಡಿನ ಮಳೆಗಾಲದಲ್ಲಿ ಬಾಲ್ ಪೈಥಾನ್: ಪೆಟ್ಟಿಗೆ ಯಾವುದು, ಬಿಸಿ ಎಷ್ಟು?

ಮೂಡಿಗೆರೆ ಮಳೆ · ಜೂನ್ 21

ಎಲ್ಲರಿಗೂ ನಮಸ್ಕಾರ. ಮೇ ಕೊನೇಲಿ ಬೆಂಗಳೂರಿನ ಕೆಲಸ ಬಿಟ್ಟು ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ವಾಪಸ್ ಬಂದಿದೀನಿ. ಜೊತೆಗೆ ನನ್ನ ಬಾಲ್ ಪೈಥಾನ್, ಆಫ್ರಿಕಾ ಮೂಲದ ಸಾಕು ಹಾವು. ಹೆಣ್ಣು, ನಾಲ್ಕು ಅಡಿ ಉದ್ದ, ತೂಕ 1,400 ಗ್ರಾಂ. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ.

ಇರೋದು ಮೂರಡಿ ಉದ್ದದ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಅಡಿಗೆ ಒಂದು ಹೀಟ್ ಮ್ಯಾಟ್. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಮೂರು ವರ್ಷ ಇಷ್ಟರಲ್ಲೇ ಚೆನ್ನಾಗಿದ್ದಳು. ಇಲ್ಲಿ ಮಳೆ ಹಿಡಿದ ಮೇಲೆ ಬೆಳಗ್ಗೆ ಎದ್ದು ನೋಡಿದ್ರೆ ಗಾಜಿನ ಒಳಮೈ ತುಂಬ ನೀರ ಹನಿ. ಹಾಸಿದ ಕೊಕೊಪೀಟ್ ಒದ್ದೆ, ಒಂದು ಮೂಲೇಲಿ ಬಿಳಿ ಬೂಷ್ಟು. ಮೂರು ವಾರದಿಂದ ಊಟ ಮುಟ್ಟಿಲ್ಲ. ಮ್ಯಾಟ್ ಇರೋ ಕಡೆ ಮಡಕೆ ಕೆಳಗೆ ಸುತ್ತಿಕೊಂಡು ಮಲಗಿದವಳು ಕದಲೋದೇ ಇಲ್ಲ. ಕೋಣೆ ರಾತ್ರಿ 19 ಡಿಗ್ರಿ ತೋರಿಸ್ತಿದೆ.

ಇನ್ನೊಂದು ಮ್ಯಾಟ್ ಹಾಕಲಾ? ಟ್ಯಾಂಕ್ ಬದಲಿಸಲಾ? ಕೋಣೆಗೇ ರೂಂ ಹೀಟರ್ ಇಡಲಾ? ದಯವಿಟ್ಟು ಹೇಳಿ.

ಹಾಸನ ಹಳಬ · ಜೂನ್ 21

ಮೇಡಂ, ಇನ್ನೊಂದು ಮ್ಯಾಟ್ ಬೇಡ. ಮೊದಲು ಅಳತೆ ಸಿಗಲಿ. ಮ್ಯಾಟ್ ಮೇಲಿನ ಮೇಲ್ಮೈ ಎಷ್ಟು, ಆ ಕಡೆಯ ಗಾಳಿ ಎಷ್ಟು, ತಣ್ಣಗಿರೋ ಕಡೆಯ ಗಾಳಿ ಎಷ್ಟು, ತೇವ ಎಷ್ಟು. ಗಾಜಿಗೆ ಅಂಟಿಸೋ ಗಡಿಯಾರದ ಥರದ ಮುಳ್ಳಿನ ಮೀಟರ್ ನಂಬಬೇಡಿ. ವೈರ್ ತುದೀಲಿ ಪ್ರೋಬ್ ಇರೋ ಡಿಜಿಟಲ್ ಮೀಟರ್ ಎರಡು ತಗೊಳ್ಳಿ. ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡೀತಿದ್ದ ಗನ್ ಬೇಡ, ಅದು ಮೈ ಶಾಖಕ್ಕೆ ಮಾಡಿದ್ದು. ಮೋಟರ್, ಪೈಪು ಬಿಸಿ ನೋಡೋಕೆ ಮೆಕ್ಯಾನಿಕ್‌ಗಳು ಇಟ್ಟುಕೊಳ್ಳೋ ಗನ್ ಆದ್ರೆ ನೆಲದ ಶಾಖಕ್ಕೆ ಸರಿ.

ಮೂಡಿಗೆರೆ ಮಳೆ · ಜೂನ್ 23

ಅಳತೆ ಮಾಡಿದೆ ಸರ್. ಮ್ಯಾಟ್ ಮೇಲೆ ನೇರ 36. ಅದೇ ಜಾಗದಲ್ಲಿ ಒಂದು ಗೇಣು ಮೇಲೆ ಗಾಳಿ 22. ತಣ್ಣಗಿನ ಕಡೆ ರಾತ್ರಿ 19.5. ಗಾಳಿಯ ತೇವ ಶೇಕಡ 91.

ಹಾಸನ ಹಳಬ · ಜೂನ್ 23

ಇದೇ ನಾನು ಅಂದುಕೊಂಡಿದ್ದು. ಹೊಟ್ಟೆಗೆ ಬೆಂಕಿ, ಬೆನ್ನಿಗೆ ಥಂಡಿ. ಮ್ಯಾಟ್ ಗಾಳಿಯನ್ನ ಬಿಸಿ ಮಾಡೋದಿಲ್ಲ, ತಗುಲಿದ ಜಾಗಕ್ಕೆ ಮಾತ್ರ ಶಾಖ ಕೊಡುತ್ತೆ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಕೋಣೆಯೇ 25–26 ಇರ್ತಿತ್ತು, ಮ್ಯಾಟ್‌ನ ಕೊರತೆ ಕೋಣೆ ತುಂಬಿಸ್ತಿತ್ತು. ಇಲ್ಲಿ ಆ ಆಸರೆ ಇಲ್ಲ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ಕಡೆ ಇಲಿ ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ಇರುತ್ತೆ. ಹುತ್ತ ಅಂದ್ರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತ ದಪ್ಪ ಗೋಡೆ, ಒಳಗೆ ಹದವಾದ ಬಿಸಿ, ಸ್ವಲ್ಪ ತೇವ, ಕತ್ತಲು. ಮನೆಯಲ್ಲಿ ನಾವು ಕಟ್ಟಿಕೊಡಬೇಕಾದ್ದು ಅದೇ. ಬಿಸಿ ಕಡೆ ಕೂರೋ ಜಾಗ 31ರಿಂದ 33, ತಣ್ಣಗಿನ ಕಡೆ 25ರಿಂದ 27, ರಾತ್ರಿ ಯಾವ ಮೂಲೆಯೂ 22–23ಕ್ಕಿಂತ ಕೆಳಗೆ ಹೋಗಬಾರದು. ತೇವ 60ರಿಂದ 80.

ತೇವದ ವಿಷಯದಲ್ಲಿ ನಮ್ಮ ಕಡೆಯವರು ತಪ್ಪೋದು ಒಂದೇ ಕಡೆ. ಒದ್ದೆಯಾಗಿದೆ ಅಂತ ಕಿಟಕಿ ತೆಗೀತಾರೆ, ಫ್ಯಾನ್ ಹಾಕ್ತಾರೆ, ಹೊರಗಿನ ಒದ್ದೆ ಗಾಳೀನೇ ಮತ್ತೆ ಒಳಗೆ ಬರುತ್ತೆ. ಲೆಕ್ಕ ನೋಡಿ: 20 ಡಿಗ್ರಿಯಲ್ಲಿ 90 ಇರೋ ತೇವ, ಅದೇ ಗಾಳಿ 27 ಡಿಗ್ರಿಗೆ ಬಿಸಿಯಾದ್ರೆ ಸುಮಾರು 59ಕ್ಕೆ ಇಳಿಯುತ್ತೆ, 30ಕ್ಕೆ ಏರಿದ್ರೆ ಸುಮಾರು 50. ಒಂದು ಹನಿ ನೀರೂ ತೆಗೀಲಿಲ್ಲ, ಗಾಳಿ ಬಿಸಿಯಾಯ್ತು ಅಷ್ಟೆ. ಅಡಿಕೆ ಒಣಗಿಸೋರಿಗೆ, ಡ್ರೈಯರ್‌ಗೆ ಏಲಕ್ಕಿ ಹಾಕೋರಿಗೆ ಇದು ಗೊತ್ತಿರೋದೇ. ಹಾಗಾಗಿ ಗಾಳಿಯನ್ನ ಬಿಸಿ ಮಾಡಿ, ಆ ಬಿಸಿ ಹೊರಗೆ ಹೋಗದ ಪೆಟ್ಟಿಗೆ ಕೊಡಿ. ನಿಮ್ಮ ಬೂಷ್ಟಿನ ಸಮಸ್ಯೆ ಮುಕ್ಕಾಲುಪಾಲು ಅಲ್ಲೇ ಮುಗಿಯುತ್ತೆ.

ಗಾಜಿನ ಟ್ಯಾಂಕ್ ಮೀನಿಗೆ ಸರಿ. ಐದೂ ಕಡೆಯಿಂದ ಶಾಖ ಬಿಡುತ್ತೆ, ಜಾಲರಿ ಮುಚ್ಚಳ ಅಂತೂ ಚಿಮಣಿ ಇದ್ದ ಹಾಗೆ. ನಿಮ್ಮ ಹಾವಿಗೆ ನಾಲ್ಕಡಿ ಉದ್ದದ ಮುಚ್ಚಿದ ಪೆಟ್ಟಿಗೆ ಬೇಕು.

ಪಶುವೈದ್ಯ, ಚಿಕ್ಕಮಗಳೂರು · ಜೂನ್ 23

ಪೆಟ್ಟಿಗೆ ವಿಷಯ ಅವರು ಹೇಳ್ತಾರೆ. ಅಷ್ಟರಲ್ಲಿ ಹಾವನ್ನ ಸರಿಯಾಗಿ ನೋಡಿ. ಬಾಯಿ ಸ್ವಲ್ಪ ತೆರೆದು ಉಸಿರಾಡ್ತಿದೆಯಾ? ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಇದೆಯಾ? ಉಸಿರಲ್ಲಿ ಸಿಳ್ಳೆ ಥರ ಸದ್ದು? ತಲೆ ಮೇಲಕ್ಕೆತ್ತಿ ಹಿಡಿದುಕೊಂಡೇ ಕೂತಿರುತ್ತಾ? ಇದರಲ್ಲಿ ಒಂದಿದ್ರೂ ಶ್ವಾಸಕೋಶದ ಸೋಂಕು ಅಂತಲೇ ತಿಳಿದು ವೈದ್ಯರ ಹತ್ತಿರ ಹೋಗಿ. ಚಳಿ ಮತ್ತು ಒದ್ದೆ ಒಟ್ಟಿಗೆ ಸೇರಿದಾಗ ಇದು ಹೆಚ್ಚಾಗಿ ಬರುತ್ತೆ. ಹೊಟ್ಟೆಯ ಹುರುಪೆಗಳನ್ನೂ ನೋಡಿ, ಕಂದು ಅಥವಾ ಕೆಂಪು ಕಲೆ, ನೀರು ಗುಳ್ಳೆ ಇದ್ದರೆ ಒದ್ದೆ ಹಾಸಿನಿಂದ ಕೊಳೆಯೋಕೆ ಶುರುವಾಗಿದೆ ಅಂತ. ಮ್ಯಾಟ್ ಸುಟ್ಟ ಗಾಯವೂ ಮೊದಮೊದಲು ಹೀಗೇ ಕಾಣುತ್ತೆ.

ಮೂರು ವಾರ ಉಪವಾಸ ಈ ಜಾತಿಗೆ ದೊಡ್ಡದಲ್ಲ. ವಾರಕ್ಕೊಮ್ಮೆ ತೂಗಿ. ಹತ್ತನೇ ಒಂದು ಭಾಗ ಇಳಿದ್ರೆ ತಡ ಮಾಡಬೇಡಿ. ಪೆಟ್ಟಿಗೆ ಬಿಸಿಯಾಗೋವರೆಗೂ ಊಟ ಕೊಡಲೇಬೇಡಿ. ತಣ್ಣಗಿರೋ ಹಾವಿಗೆ ಜೀರ್ಣ ಆಗಲ್ಲ, ನುಂಗಿದ ಇಲಿ ಹೊಟ್ಟೇಲೇ ಕೊಳೆತು ವಾಂತಿ ಆಗುತ್ತೆ. ವಾಂತಿ ಆದ ಮೇಲೆ ಕನಿಷ್ಠ ಹತ್ತು–ಹದಿನಾಲ್ಕು ದಿನ ಮತ್ತೆ ಊಟ ಕೊಡೋ ಹಾಗಿಲ್ಲ.

ಮೂಡಿಗೆರೆ ಮಳೆ · ಜೂನ್ 23

ಡಾಕ್ಟ್ರೇ, ತುಂಬ ಥ್ಯಾಂಕ್ಸ್. ಈಗಷ್ಟೇ ಎತ್ತಿ ನೋಡಿದೆ. ಬಾಯಿ, ಮೂಗು ಶುಭ್ರವಾಗಿದೆ. ಹೊಟ್ಟೆ ಕೆಳಗೆ ಎರಡು ಹುರುಪೆಯ ಅಂಚು ಮಾತ್ರ ಸ್ವಲ್ಪ ಕೆಂಪಗಿದೆ. ಮ್ಯಾಟ್ ಆರಿಸಿದೆ. ಹಾಸು ಪೂರ್ತಿ ತೆಗೆದು ಪೇಪರ್ ಹಾಕಿದೀನಿ. ಮೂರು ಕಡೆ ಥರ್ಮೋಕೋಲ್ ನಿಲ್ಲಿಸಿ, ಮುಚ್ಚಳದ ಮುಕ್ಕಾಲು ಭಾಗಕ್ಕೆ ಕಂಬಳಿ ಮಡಿಸಿ ಹಾಕಿದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಂದು ಕಡೆ ಇಟ್ಟಿದೀನಿ. ಗಾಳಿ 25ಕ್ಕೆ ಬಂದಿದೆ.

ಬಾಕ್ಸ್ ಸಾಕು · ಜೂನ್ 24

ನನ್ನದು ಬೇರೆ ಅಭಿಪ್ರಾಯ. ನಾಲ್ಕಡಿ ಪೆಟ್ಟಿಗೆ ಎಲ್ಲ ಯಾಕೆ? ದೊಡ್ಡ ಪ್ಲಾಸ್ಟಿಕ್ ಬಾಕ್ಸ್ ತಗೊಂಡು, ಪಕ್ಕದಲ್ಲಿ ತೂತು ಹಾಕಿ, ಹಿಂದೆ ಹೀಟ್ ಟೇಪ್ ಓಡಿಸಿ, ಬಿಸಿ ಹೆಚ್ಚಾದಾಗ ತಾನೇ ಆರಿಸೋ ಥರ್ಮೋಸ್ಟಾಟ್ ಕೊಟ್ರೆ ಮುಗೀತು. ತೇವ ನಿಲ್ಲುತ್ತೆ, ಬಿಸಿ ನಿಲ್ಲುತ್ತೆ, ತೊಳೆಯೋದು ಸುಲಭ. ಬಾಲ್ ಪೈಥಾನ್‌ಗೆ ಇಕ್ಕಟ್ಟು ಇಷ್ಟ.

ಹಾಸನ ಹಳಬ · ಜೂನ್ 24

ಮರಿಗೆ, ಕಾಯಿಲೆ ಬಿದ್ದ ಹಾವಿಗೆ ಒಂದೆರಡು ತಿಂಗಳು ಬಾಕ್ಸ್ ಒಳ್ಳೇದೇ, ನಾನೂ ಬಳಸಿದೀನಿ. ಆದ್ರೆ ಇಕ್ಕಟ್ಟು ಬೇಕಾಗಿರೋದು ಅಡಗೋ ಜಾಗಕ್ಕೆ. ಹುತ್ತದ ಹಾವು ರಾತ್ರಿ ಹುತ್ತದಿಂದ ಹೊರಗೆ ಬರುತ್ತೆ, ಓಡಾಡುತ್ತೆ, ಗಿಡ ಹತ್ತುತ್ತೆ. ನನ್ನ ಗಂಡು ಬಾಕ್ಸ್‌ನಲ್ಲಿದ್ದ ಎರಡು ವರ್ಷ ಕದಲ್ತಾನೇ ಇರಲಿಲ್ಲ, ಸೋಮಾರಿ ಅಂದುಕೊಂಡಿದ್ದೆ. ನಾಲ್ಕಡಿಗೆ ಬಿಟ್ಟು, ಒಂದು ಕಾಫಿ ಬೊಡ್ಡೆ ಅಡ್ಡ ಇಟ್ಟ ಮೇಲೆ ದಿನಾ ರಾತ್ರಿ ಹತ್ತರ ನಂತರ ಅದರ ಮೇಲೇ. ಹಾವು ನೇರವಾಗಿ ಮೈ ಚಾಚೋಕೆ ಆಗದ ಪೆಟ್ಟಿಗೆ ಜೀವನಪೂರ್ತಿಗೆ ಸಾಲಲ್ಲ. ಇದರಲ್ಲಿ ನಾನು ರಾಜಿ ಆಗಲ್ಲ.

ಇನ್ನೊಂದು, ಬಾಕ್ಸ್ ಚಿಕ್ಕದಾದಷ್ಟೂ ಬಿಸಿ ಕಡೆ–ತಣ್ಣನೆ ಕಡೆ ಅನ್ನೋ ವ್ಯತ್ಯಾಸ ಸಿಗಲ್ಲ. ಈ ಹಾವಿಗೆ ಬೆವರಿಲ್ಲ, ನಡುಕ ಇಲ್ಲ. ಜಾಗ ಬದಲಿಸೋದೊಂದೇ ಅದಕ್ಕಿರೋ ದಾರಿ.

ಬಾಕ್ಸ್ ಸಾಕು · ಜೂನ್ 24

ಮರಿಗಳ ಮಟ್ಟಿಗೆ ನನ್ನ ಮಾತು ಇಟ್ಟುಕೊಳ್ತೀನಿ. ದೊಡ್ಡದಕ್ಕೆ ನೀವು ಹೇಳಿದ್ದನ್ನ ಯೋಚಿಸ್ತೀನಿ ಸರ್.

ಸಕಲೇಶಪುರ ವೈರಿಂಗ್ · ಜೂನ್ 25

ನಾನು ವೃತ್ತಿಯಿಂದ ಎಲೆಕ್ಟ್ರಿಷಿಯನ್, ಮನೇಲಿ ಎರಡು ಕಾರ್ನ್ ಸ್ನೇಕ್ ಇವೆ. ಹೀಟರ್ ಬಗ್ಗೆ ನಾಲ್ಕು ಮಾತು.

ನಿಮಗೆ ಬೇಕಾಗಿರೋದು ಮೇಲಿಂದ ಶಾಖ ಕೊಡೋದು. ಸೆರಾಮಿಕ್ ಎಮಿಟರ್ ಅಂತ ಬರುತ್ತೆ, ಬಲ್ಬಿನ ಥರ ತಿರುಗಿಸಿ ಹಾಕೋದು, ಬೆಳಕಿಲ್ಲ, ರಾತ್ರಿಯೂ ಉರಿಸಬಹುದು. ಇಲ್ಲ ಅಂದ್ರೆ ಚಾವಣಿಗೆ ಸ್ಕ್ರೂ ಮಾಡೋ ರೇಡಿಯಂಟ್ ಪ್ಯಾನೆಲ್, ದುಬಾರಿ, ಆದ್ರೆ ನನ್ನ ಮಟ್ಟಿಗೆ ಅದೇ ಅತ್ಯುತ್ತಮ. ಕೋಳಿಮರಿಗೆ ಹಾಕೋ ಬಲ್ಬು ಬೇಡ. ಹಗಲೂ ರಾತ್ರಿ ಬೆಳಕಿದ್ರೆ ಹಾವಿಗೆ ನೆಮ್ಮದಿ ಇರಲ್ಲ, ಕೆಂಪು ಬಲ್ಬಾದ್ರೂ ಅಷ್ಟೆ. ಒಳಗೆ ಇಡೋ ಹೀಟ್ ರಾಕ್, ಅಂದ್ರೆ ಕರೆಂಟಿಂದ ಬಿಸಿಯಾಗೋ ಕಲ್ಲು, ಅದನ್ನಂತೂ ಮನೆಗೆ ತರಲೇಬೇಡಿ, ಹೊಟ್ಟೆ ಬೇಯುತ್ತೆ.

ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು. ಸಾಮಾನ್ಯ ಪ್ಲಾಸ್ಟಿಕ್ ಹೋಲ್ಡರ್‌ಗೆ ಎಮಿಟರ್ ಹಾಕಿ, ಅದು ಕರಗಿ ಜೋತು ಬಿದ್ದಿದ್ದನ್ನ ರಿಪೇರಿಗೆ ಹೋದ ಮನೇಲಿ ಕಣ್ಣಾರೆ ನೋಡಿದೀನಿ. ಎಮಿಟರ್ ಸುತ್ತ ತಂತಿ ಜಾಲರಿ ಗೂಡು ಇರಲಿ, ಇಲ್ಲದಿದ್ರೆ ಹಾವು ಸುತ್ತಿಕೊಳ್ಳುತ್ತೆ.

ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಪ್ಲಗ್‌ಗೆ ಹಾಕಬೇಡಿ. ಪುಟ್ಟ ಡಿಜಿಟಲ್ ಡಬ್ಬಿ ಬರುತ್ತಲ್ಲ, ಮೊಟ್ಟೆ ಮರಿ ಮಾಡೋ ಇನ್‌ಕ್ಯುಬೇಟರ್‌ಗೆ ಹಾಕೋದು, ಅದೇ ಸಾಕು. ಮಾಮೂಲಿ ಎಸ್‌ಟಿಸಿ-1000 ಮಾದರಿಯ ಒಳಗಿನ ಸ್ವಿಚ್ಚು, ಅಂದ್ರೆ ರಿಲೇ, 10 ಆಂಪಿಯರ್ ತಡೆಯುತ್ತೆ, 100 ವಾಟ್ ಹೀಟರ್‌ಗೆ ಅರ್ಧ ಆಂಪಿಯರೂ ಬೇಡ. ಅರ್ಥಿಂಗ್ ಇರೋ ಪಾಯಿಂಟಿಂದಲೇ ಲೈನ್ ತಗೊಳ್ಳಿ.

ರೂಂ ಹೀಟರ್ ಬೇಡ. ಒಂದೂವರೆ–ಎರಡು ಸಾವಿರ ವಾಟ್ ಎಳೆಯುತ್ತೆ, ರಾತ್ರಿಯಿಡೀ ಯಾರೂ ನೋಡದೆ ಉರಿಯೋದು ಬೆಂಕಿಗೆ ದಾರಿ.

ಆಲ್ದೂರು ಕಾಫಿ · ಜೂನ್ 25

ಎಲ್ಲರೂ ಥರ್ಮೋಸ್ಟಾಟ್ ಅಂತೀರಿ, ಪ್ರೋಬ್ ಬಗ್ಗೆ ನಾನು ಹೇಳಲೇಬೇಕು. ಎರಡು ವರ್ಷದ ಹಿಂದೆ ಪ್ರೋಬನ್ನ ಸೆಲೋಟೇಪ್ ಹಾಕಿ ಒಳಗೋಡೆಗೆ ಅಂಟಿಸಿದ್ದೆ. ಮಳೆಗಾಲದ ತೇವಕ್ಕೆ ಟೇಪ್ ಬಿಟ್ಟು, ಪ್ರೋಬ್ ಹೋಗಿ ನೀರಿನ ಬಟ್ಟಲಿಗೆ ಬಿತ್ತು. ನೀರು 21 ಡಿಗ್ರಿ. ಡಬ್ಬಿಗೆ ಪೆಟ್ಟಿಗೆ ತಣ್ಣಗಿದೆ ಅಂತಲೇ ಲೆಕ್ಕ, ಹೀಟರ್ ಆರಿಸಲೇ ಇಲ್ಲ. ಸಾಯಂಕಾಲ ತೋಟದಿಂದ ಬಂದಾಗ ದಿನಾ ಕೇಳೋ ರಿಲೇ ‘ಟಿಕ್’ ಸದ್ದು ಇರಲಿಲ್ಲ, ಅದರಿಂದಲೇ ಗಾಬರಿ ಆಯ್ತು. ಬಾಗಿಲು ತೆಗೆದಾಗ ಮುಖಕ್ಕೆ ಬಿಸಿ ಹೊಡೀತು. ಬಿಸಿ ಕಡೆ 41. ಹಾವು ತಣ್ಣಗಿನ ಮೂಲೆಯಲ್ಲಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿತ್ತು. ಬದುಕಿತು. ಆ ಮೂಗಿನ ಗಾಯ ಎರಡು ಪೊರೆ ಬಿಟ್ಟ ಮೇಲೆ ಮಾಯ್ತು.

ಈಗ ಪ್ರೋಬ್ ವೈರನ್ನ ಕ್ಲಿಪ್ ಹೊಡೆದು ಸ್ಕ್ರೂ ಮಾಡಿದೀನಿ. ಜೊತೆಗೆ ಎರಡನೇ ಥರ್ಮೋಸ್ಟಾಟ್ ಸರಣೀಲಿ ಹಾಕಿ 36ಕ್ಕೆ ಕಟ್ ಆಗೋ ಹಾಗೆ ಇಟ್ಟಿದೀನಿ. ಒಂದು ಕೆಟ್ಟರೂ ಇನ್ನೊಂದು ಆರಿಸುತ್ತೆ. ದಯವಿಟ್ಟು ಎಲ್ಲರೂ ಹೀಗೆ ಮಾಡಿ.

ಸಕಲೇಶಪುರ ವೈರಿಂಗ್ · ಜೂನ್ 25

ಅಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ಮೇಲೆ ನಾನೂ ಎರಡು ಹಾಕ್ತೀನಿ. ರಿಲೇ ಅಂಟಿಕೊಂಡು ನಿಂತುಬಿಡೋದೂ ಉಂಟು.

ಹೊಸಬ ಬೇಲೂರು · ಜೂನ್ 26

ನಮ್ಮ ತೋಟದ ಕಾಫಿ ಕಣದಲ್ಲಿ ಒಂದು ಕೇರೆ ಹಾವಿನ ಮರಿ ಸಿಕ್ಕಿದೆ. ಬಕೆಟ್‌ನಲ್ಲಿ ಇಟ್ಟಿದೀನಿ. ಇದಕ್ಕೂ ಇದೇ ಥರ ಪೆಟ್ಟಿಗೆ ಮಾಡಿದ್ರೆ ಸಾಕಬಹುದಾ?

ಹಾಸನ ಹಳಬ · ಜೂನ್ 26

ತಮ್ಮಾ, ಈಗಲೇ ಬಿಟ್ಟುಬಿಡು, ಸಿಕ್ಕ ಜಾಗದಲ್ಲೇ. ಕೇರೆ, ನಾಗರ, ಹೆಬ್ಬಾವು, ಯಾವುದೇ ಆಗಲಿ, ನಮ್ಮ ಕಾಡಿನ ಹಾವನ್ನ ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಬಾಲ್ ಪೈಥಾನ್‌ನಂಥ ಜಾತಿಗೂ 2022ರ ತಿದ್ದುಪಡಿ, 2024ರ ನಿಯಮ ಬಂದ ಮೇಲೆ ಪರಿವೇಶ್‌ನಲ್ಲಿ ನೋಂದಣಿ ಕಡ್ಡಾಯ. ಕಾನೂನು ಬಿಡು, ಕೇರೆ ಇಡೀ ದಿನ ಓಡೋ ಹಾವು, ಪೆಟ್ಟಿಗೇಲಿ ಮೂಗು ಗುದ್ದಿಕೊಂಡು ಸಾಯುತ್ತೆ. ನಿನ್ನ ಕಣದಲ್ಲೇ ಇದ್ರೆ ಇಲಿ ತಿಂದುಕೊಂಡು ಇರುತ್ತೆ.

ಹೊಸಬ ಬೇಲೂರು · ಜೂನ್ 26

ಬಿಟ್ಟೆ ಅಣ್ಣ. ಬೇಲಿ ಸಂದೀಲಿ ಹೋಯ್ತು.

ಮೂಡಿಗೆರೆ ಮಳೆ · ಜೂನ್ 28

ಮರದ ಪೆಟ್ಟಿಗೆ ಮಾಡಿಸೋದು ಅಂತ ತೀರ್ಮಾನ ಮಾಡಿದೆ. ಊರಿನ ಆಚಾರ್ರು ಬಂದು ಅಳತೆ ಕೇಳ್ತಿದಾರೆ. ತೋಟದಲ್ಲಿ ಸಿಲ್ವರ್ ಓಕ್ ಹಲಗೆ ಬಿದ್ದಿದೆ, ಅದನ್ನೇ ಬಳಸಬಹುದಾ? ಅಪ್ಪ, ಒಳಗೆ ಹಾಸೋಕೆ ಕಾಫಿ ಹೊಟ್ಟು ಇದೆಯಲ್ಲ ಅಂತಾರೆ.

ಹಾಸನ ಹಳಬ · ಜೂನ್ 28

ಹಸಿ ಸಿಲ್ವರ್ ಓಕ್ ಮಳೆಗಾಲದಲ್ಲಿ ತಿರುಚಿಕೊಳ್ಳುತ್ತೆ, ಸಂದು ಬಿಡುತ್ತೆ, ಸಂದಿದ್ದ ಕಡೆ ಹಾವು ಹೊರಗೆ. ಪ್ಲೈವುಡ್ ಹಾಕಿಸಿ. ಐಎಸ್ 710 ಮುದ್ರೆ ಇರೋ ಮರೀನ್ ಪ್ಲೈ, 18 ಎಂಎಂ. ಮಾಮೂಲಿ ಪ್ಲೈ ಒಂದೇ ಮಳೆಗಾಲಕ್ಕೆ ಅಂಚೆಲ್ಲ ಊದಿ ಪದರ ಪದರ ಬಿಡುತ್ತೆ.

ಅಳತೆ ನಾಲ್ಕು ಅಡಿ ಉದ್ದ, ಎರಡು ಅಡಿ ಆಳ, ಎರಡು ಅಡಿ ಎತ್ತರ. ಆಚಾರ್ರಿಗೆ ಹೀಗೆ ಹೇಳಿ: ಎಂಟು–ನಾಲ್ಕರ ಒಂದು ಶೀಟನ್ನ ನಾಲ್ಕು–ಎರಡರ ನಾಲ್ಕು ತುಂಡು ಮಾಡಿ. ಮೂರು ತುಂಡು ತಳಕ್ಕೆ, ಮೇಲಕ್ಕೆ, ಹಿಂದಕ್ಕೆ. ನಾಲ್ಕನೇದನ್ನ ಅರ್ಧ ಮಾಡಿದ್ರೆ ಎರಡು ಪಕ್ಕ. ಒಂದೇ ಶೀಟು, ತುಂಡೂ ಉಳಿಯಲ್ಲ. ಗರಗಸದ ದಾರಿಗೆ ಒಂದೆರಡು ನೂಲು ಕಮ್ಮಿ ಆಗುತ್ತೆ, ಪರವಾಗಿಲ್ಲ. ಮುಂದೆ ಕೆಳಗೆ ಐದು ಇಂಚಿನ ಪಟ್ಟಿ ಬೇರೆ ತುಂಡಿಂದ ಕೊಡಿಸಿ, ಹಾಸು ಚೆಲ್ಲದ ಹಾಗೆ. ಅದರ ಮೇಲೆ ಚಾನೆಲ್ ಹಾಕಿ ಎರಡು ಸರಿಯೋ ಗಾಜು, ಷೋಕೇಸಿಗೆ ಹಾಕೋ ಬೀಗ ಮರೆಯಬೇಡಿ. ಗಾಜನ್ನ ಮೂಗಲ್ಲಿ ತಳ್ಳಿ ಸರಿಸೋದನ್ನ ಇವು ಕಲೀತವೆ.

ಗಾಳಿ ತೂತು ತಣ್ಣಗಿನ ಕಡೆ ಕೆಳಗೆ, ಬಿಸಿ ಕಡೆ ಮೇಲೆ, ಎರಡಕ್ಕೂ ಸ್ಟೀಲ್ ಜಾಲರಿ. ಒಳಗೆಲ್ಲ ನೀರಿನ ಪಾಲಿಯುರೆಥೇನ್ ಮೂರು ಕೋಟ್, ಮೂಲೆಗೆ ಅಕ್ವೇರಿಯಂ ಸಿಲಿಕಾನ್. ಆಮೇಲೆ ಎರಡು ವಾರ ಬಾಗಿಲು ತೆಗೆದು ಇಡಿ. ತಲೆ ಒಳಗೆ ಹಾಕಿ ಮೂಸಿದಾಗ ಚೂರು ವಾಸನೆ ಬಂದ್ರೂ ಹಾವು ಬಿಡಬೇಡಿ. ಹಿಂದೆ, ಪಕ್ಕ, ಮೇಲೆ ಹೊರಗಿನಿಂದ ಒಂದಿಂಚು ಥರ್ಮೋಕೋಲ್. ನನ್ನ ಪೆಟ್ಟಿಗೆಗೆ ಇದು ಹಾಕಿದ ಮೇಲೆ ಹೀಟರ್ ಉರಿಯೋ ಹೊತ್ತು ಅರ್ಧದ ಹತ್ತಿರ ಇಳೀತು.

ಕಾಫಿ ಹೊಟ್ಟು ಬೇಡ ಅಂತ ಅಪ್ಪನಿಗೆ ಹೇಳಿ. ಧೂಳು, ತೇವ ಹಿಡಿದ್ರೆ ಎರಡೇ ದಿನಕ್ಕೆ ಬೂಷ್ಟು. ತೆಂಗಿನ ಸಿಪ್ಪೆ ಚೂರು, ಕೊಕೊಪೀಟ್ ಬೆರೆಸಿ ಮೂರಿಂಚು ಹಾಕಿ. ಕೈಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು.

ಕರೆಂಟ್ ಬಿಲ್ · ಜೂನ್ 29

ಗೃಹಜ್ಯೋತಿಯ ಲೆಕ್ಕ ದಾಟಿಬಿಡುತ್ತೆ ಅಂತ ನಮ್ಮ ಮನೇಲಿ ಗಲಾಟೆ. ಎಷ್ಟು ಯೂನಿಟ್ ಆಗಬಹುದು?

ಸಕಲೇಶಪುರ ವೈರಿಂಗ್ · ಜೂನ್ 29

100 ವಾಟ್ ದಿನದ ಶೇಕಡ 60 ಹೊತ್ತು ಉರಿದ್ರೆ 1.44 ಯೂನಿಟ್. ತಿಂಗಳಿಗೆ 43. ಥರ್ಮೋಕೋಲ್ ಹಾಕಿದ್ರೆ ಇನ್ನೂ ಕಮ್ಮಿ.

ಮೂಡಿಗೆರೆ ಮಳೆ · ಜುಲೈ 19

ಪೆಟ್ಟಿಗೆ ಸಿದ್ಧವಾಗಿ, ವಾಸನೆ ಹೋಗಿ, ಮೊನ್ನೆ ಅವಳನ್ನ ಬಿಟ್ಟೆ. 100 ವಾಟ್ ಪ್ಯಾನೆಲ್, ಎರಡು ಥರ್ಮೋಸ್ಟಾಟ್, ಪ್ರೋಬ್‌ಗೆ ಕ್ಲಿಪ್. ಎರಡೂ ಕಡೆ ಒಂದೇ ಅಳತೆಯ ಮಡಕೆ ಬೋಕಿ, ಅವಳು ಸುತ್ತಿಕೊಂಡ್ರೆ ಮೈ ಗೋಡೆಗೆ ತಾಗೋ ಅಷ್ಟು. ಬಿಸಿ ಕಡೆ 32, ತಣ್ಣಗಿನ ಕಡೆ 26, ತೇವ 64. ಹೊರಗೆ ಮಳೆ ಬಿಟ್ಟಿಲ್ಲ, ಕೋಣೆ 18.

ಇವತ್ತು ಗಾಳಿಗೆ ಮರ ಬಿದ್ದು ಬೆಳಗ್ಗೆಯಿಂದ ಕರೆಂಟಿಲ್ಲ. ಇನ್ವರ್ಟರ್‌ಗೆ ಹಾಕಬಹುದಾ?

ಸಕಲೇಶಪುರ ವೈರಿಂಗ್ · ಜುಲೈ 19

ಸೈನ್ ವೇವ್ ಇನ್ವರ್ಟರ್ ಆದ್ರೆ ಧೈರ್ಯವಾಗಿ ಹಾಕಿ. 150 ಎಎಚ್ ಬ್ಯಾಟರಿ ಚೆನ್ನಾಗಿದ್ದು, ಬೇರೆ ಲೋಡ್ ಇಲ್ಲದಿದ್ರೆ ಹದಿನೈದು ಗಂಟೆ ಎಳೆಯುತ್ತೆ. ಬೆಳಕು ಮಂಕು ಮಾಡೋ ಥರದ ಡಿಮ್ಮಿಂಗ್ ಥರ್ಮೋಸ್ಟಾಟ್ ಆಗಿದ್ರೆ ಮಾತ್ರ ಸ್ಕ್ವೇರ್ ವೇವ್‌ಗೆ ಹಾಕಬೇಡಿ. ಗಾಜಿಗೆ ಹೊರಗಿಂದ ಕಂಬಳಿ ಇಳಿಬಿಡಿ, ಗಾಳಿ ತೂತು ಮುಚ್ಚಬೇಡಿ. ಬಾಗಿಲು ತೆಗೆದು ತೆಗೆದು ನೋಡಬೇಡಿ. ಬ್ಯಾಟರಿ ಮುಗಿದ್ರೆ ನಿಮ್ಮ ಬಿಸಿನೀರಿನ ಬಾಟಲಿ ಇದ್ದೇ ಇದೆ.

ಬಚ್ಚಲ ಒಲೆ ಪಕ್ಕ ಇಡೋ ಯೋಚನೆ ಬಂದ್ರೆ ಬೇಡ. ಹೊಗೆ ಅವಕ್ಕೆ ಆಗಲ್ಲ.

ಪಶುವೈದ್ಯ, ಚಿಕ್ಕಮಗಳೂರು · ಜುಲೈ 19

ಕರೆಂಟ್ ಬಂದು ಎರಡು ದಿನ ಶಾಖ ಸರಿಯಾಗಿ ನಿಂತ ಮೇಲೆ ಊಟ ಕೊಡಿ. ಕೆಂಪಾಗಿದ್ದ ಹುರುಪೆ ಹೇಗಿದೆ?

ಮೂಡಿಗೆರೆ ಮಳೆ · ಜುಲೈ 27

ಕರೆಂಟ್ ಬಂದಿದ್ದು ಮೂರನೇ ದಿನ ಸಾಯಂಕಾಲ. ಇನ್ವರ್ಟರ್ ಮೊದಲ ರಾತ್ರಿ ದಾಟಿಸ್ತು, ಆಮೇಲೆ ಅಮ್ಮ ಮೂರು ಗಂಟೆಗೊಮ್ಮೆ ಹಂಡೆಯಿಂದ ಬಿಸಿನೀರು ತಂದು ಬಾಟಲಿ ತುಂಬಿಸಿದರು. ಹಾವಿದ್ದ ಕೋಣೆಗೆ ಕಾಲೇ ಇಡದಿದ್ದ ಅಮ್ಮ. ಪೆಟ್ಟಿಗೆ 23ಕ್ಕಿಂತ ಕೆಳಗೆ ಇಳೀಲಿಲ್ಲ.

ಹುರುಪೆಯ ಕೆಂಪು ಹೋಗಿದೆ ಡಾಕ್ಟ್ರೇ. ತೂಕ 1,340. ನಿನ್ನೆ ರಾತ್ರಿ ಒಂಬತ್ತೂವರೆಗೆ ಇಲಿಯನ್ನ ಇಕ್ಕಳದಲ್ಲಿ ಹಿಡಿದೆ. ಮಡಕೆ ಬಾಯಲ್ಲಿ ಮೊದಲು ನಾಲಿಗೆ ಬಂತು, ಆಮೇಲೆ ತಲೆ. ತುಂಬ ಹೊತ್ತು ಹಾಗೇ ನೋಡಿದಳು. ಹಿಡಿದು, ಸುತ್ತಿ, ನುಂಗಿ, ಮತ್ತೆ ಬಿಸಿ ಕಡೆಗೇ ಹೋದಳು. ಈಗಲೂ ಅಲ್ಲೇ ಇದಾಳೆ.

ಹಾಸನ ಹಳಬ · ಜುಲೈ 27

ಮೂರು ದಿನ ಎತ್ತಬೇಡಿ. ಮಾರ್ಚ್ ಬಂದಾಗ ಥರ್ಮೋಕೋಲ್ ಮೇಲಿಂದ ತೆಗೆಯೋಕೆ ನೆನಪಿಟ್ಟುಕೊಳ್ಳಿ. ಹಾಸನದಲ್ಲಿ ನಮಗೆ ಆಗ ಬಿಸಿ ಇಳಿಸೋದೇ ಕೆಲಸ.